ಮೂವತ್ತೆರಡರ ಜಂಪರು

ಆ ಜಂಪರನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ಎಷ್ಟು ಖುಷಿಯಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರೋಣದ ಜವಳಿ ಅಂಗಡಿಯೊಂದರ ಗಾದಿಯ ಮೇಲೆ ಬಸ್ತಾ ನಡೆದಿತ್ತು. ಮದುವೆಗೆ ಮುಂಚೆ ಎರಡೂ ಕಡೆಯ ಹಿರಿಯರು ಕೂಡಿ ಸೀರೆ, ಧೋತರ, ಆಯೇರದ ಬಟ್ಟೆ ಎಲ್ಲವನ್ನೂ ಒಂದೇ ಸಲ ಆರಿಸಿ ಗಂಟು ಕಟ್ಟಿಸುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಇಪ್ಪತ್ತು ಮಂದಿ ಬರುತ್ತಾರೆ, ಚಹಾ ಕುಡಿಯುತ್ತಾರೆ, ಅಂಚಿನ ಬಣ್ಣಕ್ಕೆ ಜಗಳಾಡುತ್ತಾರೆ. ಮದುಮಗಳು ಮಾತ್ರ ಬರುವುದಿಲ್ಲ. ಉಡುವವಳು ಅವಳು, ಆರಿಸುವವರು ಉಳಿದವರೆಲ್ಲ. ಅವಳ ಬದಲಿಗೆ ಅವಳ ಹಳೆಯ ಜಂಪರೊಂದು ಚೀಲದಲ್ಲಿ ಬರುತ್ತದೆ. ಅದೇ ಅಳತೆ ಜಂಪರು. ಅದನ್ನು ನೋಡಿ ನಾನು ಮದುವೆಯ ಜಂಪರುಗಳನ್ನು ಕತ್ತರಿಸಬೇಕು.

ನನ್ನ ಹೊಲಿಗೆ ಕೋಣೆ ಆ ಅಂಗಡಿಯ ಎದುರಿಗೇ ಇದೆ. ದೊಡ್ಡ ಬಸ್ತಾ ಬಂದರೆ ಮಾಲೀಕರು ನನ್ನನ್ನು ಕರೆಸುತ್ತಾರೆ. ಯಾವ ಮೈಗೆ ಎಷ್ಟು ಅಗಲದ ಅಂಚು, ಎಷ್ಟು ದೊಡ್ಡ ಚೌಕದ ಚೌಕಡಿ ನೇಯ್ಗೆ, ಎಂಥ ಕೊರಳು ಒಪ್ಪುತ್ತದೆ ಎಂದು ಹೇಳುವುದರಲ್ಲಿ ನನಗೊಂದು ಹೆಸರಿತ್ತು. ಆ ಹೆಸರಿನ ಬಗ್ಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ವರನ ಕಡೆಯವರು ಗಜೇಂದ್ರಗಡದವರು. ವರನಿಗೆ ತಾಯಿ ಇರಲಿಲ್ಲ, ಸೋದರತ್ತೆಯೇ ಎಲ್ಲದಕ್ಕೂ ಮುಂದೆ ನಿಂತಿದ್ದರು. ಅರವತ್ತರ ಹೆಂಗಸು, ಎಲೆ ಅಡಿಕೆಯ ಬಾಯಿ, ಮಾತಾಡಿದರೆ ಗಾದಿಯ ಮೇಲಿದ್ದವರೆಲ್ಲ ಸುಮ್ಮನಾಗುತ್ತಿದ್ದರು. ಕನ್ಯೆ ನೋಡಲು ವರನ ಜೊತೆ ಗಂಡಸರಷ್ಟೇ ಹೋಗಿ ಬಂದಿದ್ದರು. ತಮ್ಮ ಮಗಳ ಬಾಣಂತನದಲ್ಲಿದ್ದ ಈ ಅತ್ತೆಗೆ ಹುಡುಗಿಯನ್ನು ನೋಡಲು ಇನ್ನೂ ಆಗಿರಲಿಲ್ಲ. ಕನ್ಯೆಯ ಕಡೆಯವರು ಹೊಳೆಮಣ್ಣೂರಿನವರು. ಕನ್ಯೆಯ ತಾಯಿ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದರು. ಕೇಳಿದರಷ್ಟೇ ಮಾತು.

ಚೀಲದಿಂದ ತೆಗೆದ ಜಂಪರನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಹರಡಿ ಟೇಪು ಹಿಡಿದೆ. ಎದೆ ಮೂವತ್ತೆರಡು. ಸೊಂಟ ಇಪ್ಪತ್ತೆಂಟು. ಹೆಗಲು ಸಣ್ಣದು. ಇಂಥ ಮೈ ಸಿಕ್ಕರೆ ಹೊಲಿಯುವವರಿಗೆ ಹಬ್ಬ. ಅತ್ತೆ ತಮ್ಮೂರಿನ ಮಗ್ಗದ ಸೀರೆಯನ್ನೇ ಧಾರೆಗೆ ಉಡಿಸಬೇಕೆಂದು ಕಟ್ಟಿ ತಂದಿದ್ದರು. ದೊಡ್ಡ ಚೌಕಡಿ, ಗೇಣಗಲದ ಕೆಂಪು ಅಂಚು. ಇದು ಹುಡುಗಿಗೆ ಒಪ್ಪುತ್ತದೆಯೇ ಎಂದು ನನ್ನನ್ನು ಕೇಳಿದರು.

"ಭಾಳ ಚಲೋ ಒಪ್ಪತೈತ್ರಿ. ಹುಡುಗಿ ಸಣ್ಣ ಅದಾಳ. ದೊಡ್ಡ ಚೌಕಡಿ ಇದ್ರ ಮೈ ತುಂಬಿಧಂಗ ಕಾಣ್ತಾಳ. ಕೊರಳ ಮುಚ್ಚಿ ದೋಣಿ ಆಕಾರ ಇಡತೀನಿ, ತೋಳ ಉಬ್ಬೂಹಂಗ ಬುಗ್ಗಿ ಕೊಡತೀನಿ. ಕೊರಳಾಗ ಗಿಡ್ಡ ಸರ ಸಾಕು," ಎಂದೆ.

ಮೂಲೆಯಲ್ಲಿದ್ದ ತಾಯಿ ತಲೆ ಎತ್ತಲಿಲ್ಲ.

ಆಮೇಲೆ ಪಕ್ಕದ ಬಳೆಗಾರ ಬಂದು ಹಸಿರು ಬಳೆಯ ಅಳತೆ ಕೇಳಿದ. "ಎರಡು ಹತ್ತು," ಎಂದರು ತಾಯಿ. ನಾನು ಕತ್ತು ತಿರುಗಿಸಿ ನೋಡಿದೆ. ಮೂವತ್ತೆರಡರ ಜಂಪರಿನ ಹುಡುಗಿಗೆ ಎರಡು ನಾಲ್ಕು, ಹೆಚ್ಚೆಂದರೆ ಎರಡು ಆರು. ಎರಡು ಹತ್ತು ಬಳೆ ಅಂಥ ಕೈಯಿಂದ ಜಾರಿ ಬೀಳುತ್ತದೆ. ಹೊಲದ ಕೆಲಸ ಮಾಡಿದ ಕೈ, ಗಿಣ್ಣು ದಪ್ಪ ಇದ್ದೀತು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟು ವರ್ಷ ಟೇಪು ಹಿಡಿದವಳಿಗೆ ಆ ಒಂದು ಮಾತು ಸಾಕಾಗಬೇಕಿತ್ತು. ಜಂಪರಿನ ಅಳತೆಯಲ್ಲಿ ಸುಳ್ಳು ನಡೆಯುತ್ತದೆ, ಬಳೆಯಲ್ಲಿ ನಡೆಯುವುದಿಲ್ಲ. ಎಲ್ಲರ ಮುಂದೆ ಇಡುವಾಗ ಒಡೆದರೆ ಅಪಶಕುನ ಎಂದು ತಾಯಿ ಅಲ್ಲಿ ಮಾತ್ರ ಖರೇ ಹೇಳಿದ್ದರು.

ಸೀರೆಯಿಂದ ಜಂಪರಿನ ತುಂಡನ್ನು ಕತ್ತರಿಸಿ ನನಗೆ ಕೊಟ್ಟರು. ಸೀರೆ ಅತ್ತೆಯ ಜೊತೆ ಗಜೇಂದ್ರಗಡಕ್ಕೆ ಹೋಯಿತು. ವರನ ಕಡೆಯ ಸೀರೆ ಮದುವೆಯ ದಿನವೇ ಕನ್ಯೆಯ ಕೈ ಸೇರಬೇಕು, ಅದು ಪದ್ಧತಿ.

ಮೂರು ಜಂಪರು ಹೊಲಿದೆ. ಧಾರೆಯದಕ್ಕೆ ನಾಲ್ಕು ದಿನ ಹಿಡಿಯಿತು. ಚೌಕಡಿಯ ಗೆರೆ ಬೆನ್ನಿನಿಂದ ಎದೆಗೆ ಬರುವಾಗ ಒಂದು ನೂಲೂ ತಪ್ಪದಂತೆ ಕೂಡಿಸಿದೆ. ಒಳಗಿನ ಅಸ್ತರನ್ನು ನೆನೆಸಿ ಒಣಗಿಸಿ ಹಾಕಿದೆ. ಎರಡೂ ಬದಿಗೆ ಒಂದೊಂದು ಇಂಚು ಒಳಗೆ ಮಡಚಿ ಬಿಟ್ಟೆ. ಮದುವೆಯಾದ ಮೇಲೆ ಮೈ ಬರುತ್ತದಲ್ಲ, ಬಿಚ್ಚಿಕೊಳ್ಳಲಿ ಎಂದು. ಕೊಟ್ಟ ದಿನ ಅದನ್ನು ಗೋಡೆಗೆ ತೂಗುಹಾಕಿ ನಾನೇ ದೂರ ನಿಂತು ನೋಡಿದ್ದೆ.

ಮೂರು ದಿನಕ್ಕೆ ತಾಯಿ ವಾಪಸು ತಂದರು. ಸ್ವಲ್ಪ ಬಿಗಿ ಎಂದರು. ಬದಿಯ ಹೊಲಿಗೆ ಬಿಚ್ಚಿ ಒಂದು ಇಂಚು ಬಿಟ್ಟುಕೊಟ್ಟೆ. ಮತ್ತೆ ತಂದರು. ಉಳಿದದ್ದನ್ನೂ ಬಿಟ್ಟುಕೊಟ್ಟೆ, ಈಗ ಅದು ಮೂವತ್ತನಾಲ್ಕು. ಮೂರನೇ ಸಲ ಬಂದಾಗ ನನ್ನ ಕೋಣೆಯಲ್ಲಿ ಐದಾರು ಹೆಂಗಸರು ಕೂತಿದ್ದರು, ಮಾಲೀಕರೂ ಏನೋ ಕೇಳಲು ಬಂದು ನಿಂತಿದ್ದರು. ಆ ತಾಯಿ ಜಂಪರನ್ನು ನನ್ನ ಮಿಷಿನ್ನಿನ ಮೇಲೆ ಒಗೆದು, "ನಿಮ್ಮ ಕೈ ಕೆಟ್ಟೈತ್ರಿ ಅಕ್ಕಾರ. ನನ್ನ ಮಗಳ ಲಗ್ನದ ಕುಬಸ ಹಾಳ ಮಾಡೀರಿ," ಎಂದುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಅವರದೇ ಅಳತೆ ಜಂಪರನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ನನ್ನದನ್ನು ಇಟ್ಟು, ಎಲ್ಲರ ಮುಂದೆ ತೋರಿಸಿದೆ. "ನಿಮ್ಮದು ಮೂವತ್ತೆರಡು. ನಂದೀಗ ಮೂವತ್ನಾಕು. ಬಿಗಿ ಹ್ಯಾಂಗಾಗ್ತೈತಿ? ಅಳತಿ ಕೊಟ್ಟಾಂವ್ರು ನೀವ. ನಾ ಏನ್ ಕನಸ ಕಂಡ ಹೊಲೀಲೇನು?"

ಅವರ ಮುಖ ಇಳಿಯಿತು. ಜಂಪರುಗಳನ್ನು ಬಾಚಿ ಚೀಲಕ್ಕೆ ತುಂಬುತ್ತ, "ಇರ್ಲಿ ಬಿಡ್ರಿ. ಹದಿನೈದ ದಿನದಾಗ ಅಕಿಗೆ ಆಗ್ತೈತಿ," ಎಂದು ಹೊರಟುಹೋದರು.

ಮಾಲೀಕರು, "ಇನ್ನ ಮ್ಯಾಲೆ ಬಸ್ತಾದ ಕೆಲಸ ಸ್ವಲ್ಪ ನೋಡಿ ಮಾಡ್ರಿ," ಎಂದು ಮುಖ ಗಂಟಿಕ್ಕಿ ನಡೆದರು. ನನ್ನ ತಲೆಯಲ್ಲಿ ಮಾತ್ರ ತಾಯಿಯ ಮಾತೇ ಸುತ್ತುತ್ತಿತ್ತು. ಹದಿನೈದು ದಿನದಲ್ಲಿ ಏನಾಗುತ್ತದೆ? ಬಟ್ಟೆ ಬೆಳೆಯುವುದಿಲ್ಲ. ಬಟ್ಟೆ ಬೆಳೆಯದಿದ್ದರೆ ಇನ್ನೇನು ಕಡಿಮೆಯಾಗಬೇಕು? ಕತ್ತರಿ ಕೈಯಲ್ಲಿ ಹಿಡಿದೇ ಇದ್ದೆ. ಎರಡು ಹತ್ತು ಬಳೆ ಆಗ ನೆನಪಾಯಿತು.

ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿ ಹೊಳೆಮಣ್ಣೂರಿಗೆ ಹೋದೆ. ಟೇಪು, ಗುಂಡುಸೂಜಿ, ಅಳತೆಯ ಚೀಟಿ, ಹೊಲಿಗೆ ಬಿಚ್ಚುವ ಬ್ಲೇಡು ಇಷ್ಟೇ ಚೀಲದಲ್ಲಿ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಚಪ್ಪರದ ಕಂಬ ಆಗಲೇ ತಂದು ಒರಗಿಸಿದ್ದರು. ಹೊಳೆ ಬಂದ ವರ್ಷದ ನೀರಿನ ಗೆರೆ ಗೋಡೆಯ ಮೇಲೆ ಎದೆಮಟ್ಟಕ್ಕಿತ್ತು, ಮದುವೆಗೆಂದು ಅದರ ಮೇಲೆ ಅರ್ಧ ಸುಣ್ಣ ಹೊಡೆದಿದ್ದರು.

ಒಳಗೆ ಹುಡುಗಿ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತಮೂರರ ಹುಡುಗಿ. ಅಗಲ ಹೆಗಲು, ತುಂಬಿದ ಎದೆ, ಭಾರದ ನಡು, ಎತ್ತರ ಸಾಧಾರಣ. ಕಣ್ಣಳತೆಯಲ್ಲೇ ನಲವತ್ತು ಎಂದುಕೊಂಡೆ. ಮೂವತ್ತೆರಡರ ಜಂಪರು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಅವಳ ತಂಗಿಯದು. ಅದನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ರೊಟ್ಟಿ ತಿರುವಲು ಎದ್ದವಳು ಒಲೆಯ ಹತ್ತಿರ ಗೋಡೆ ಹಿಡಿದು ಕೂತುಬಿಟ್ಟಳು. ಕೈ ನಡುಗುತ್ತಿತ್ತು. ಬೆಳಿಗ್ಗೆಯಿಂದ ಏನು ತಿಂದಿದ್ದಾಳೆಂದು ತಾಯಿಯನ್ನು ಕೇಳಿದೆ.

"ದಿನಕ್ಕ ಒಂದ ರೊಟ್ಟಿ ಕೊಡಾಕತ್ತೀನ್ರಿ. ಸಂಜೀಕ ಮಜ್ಜಿಗಿ. ಇನ್ನ ಹದಿನಾಕ ದಿನ ಅಷ್ಟ."

ಎದುರು ಇಪ್ಪತ್ತು ರೊಟ್ಟಿ ಬಡಿದು ಪೇರಿಸಿಟ್ಟಿದ್ದಾಳೆ, ಅದರಲ್ಲಿ ಅವಳದು ಒಂದು. ನಾನು ಬಾಯಿಗೆ ಬಂದ ಹಾಗೆ ಅಂದೆ. ಮೈಗೆ ಅಳತೆ ಮಾಡಿ ಬಟ್ಟೆ ಕತ್ತರಿಸುತ್ತಾರೆ, ನೀವು ಬಟ್ಟೆಗೆ ಅಳತೆ ಮಾಡಿ ಮೈ ಕತ್ತರಿಸುತ್ತಿದ್ದೀರಿ ಎಂದೆ. ಹುಡುಗ ಕಣ್ಣಾರೆ ನೋಡಿ ಒಪ್ಪಿದ ಮೇಲೆ ಮುಚ್ಚುವುದೇನಿತ್ತು ಎಂದು ಕೇಳಿದೆ.

"ಶಾಲ ಹೊಚ್ಚಿ ಕುಂದರಿಸಿದ್ವಿ. ಕುಂತಾಕಿನ್ನ ನೋಡ್ಯಾರ," ಎಂದರು ತಾಯಿ. ಆಮೇಲೆ ಅವರಿಗೂ ಸಿಟ್ಟು ಬಂತು. "ನಮಗ ಬೈಯಾಕ ಬರಬ್ಯಾಡ್ರಿ. ಇದನ್ನ ಕಲಿಸಿದಾಂವ್ರ ನೀವು. ನೀವ ಅಂದಿದ್ರಿ."

"ನಾ ಏನ್ ಅಂದೀನಿ? ನಿಮ್ಮನ್ನ ಮೊದಲ ನೋಡಿದ್ದ ಬಸ್ತಾದಾಗ."

ಹುಡುಗಿ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ.

"ಹತ್ತನೇತ್ತಾ ಇದ್ದಾಗ ಸಾಲಿ ಬೀಳ್ಕೊಡೋ ಕಾರ್ಯಕ್ರಮಕ್ಕ ಚೂಡಿದಾರ ಹೊಲಸಾಕ ನಿಮ್ಮಲ್ಲಿ ಬಂದಿದ್ನಿರಿ. ನಮ್ಮ ಸಾಲಿ ಹುಡುಗ್ಯಾರು ನಾಕ ಮಂದಿ ಇದ್ರು. ನೀವು ಎದಿ ಅಳತಿ ತೊಗೊಂಡು ಜೋರಾಗಿ, ಮೂವತ್ತೆಂಟು, ಅಂದ್ರಿ. ಆಮ್ಯಾಲೆ ನಮ್ಮವ್ವಗ, ಇಕಿಗೆ ಒಂದ ಪೀಸ್ ಸಾಲಂಗಿಲ್ಲ, ತಾನ ತೊಗೊಂಬರ್ರಿ ಅಂದ್ರಿ. ಎಲ್ಲಾರೂ ನಕ್ರು. ಸಾಲಿ ಮುಗಿಯೂಮಟ ನನ್ನ ಹೆಸರ ತಾನ ಆತು."

ತಾನು ಎಂದರೆ ಅಂಗಡಿಯಲ್ಲಿ ಸುತ್ತಿಟ್ಟ ಇಡೀ ಬಟ್ಟೆಯ ಉರುಳೆ.

"ಆವತ್ತಿಂದ ಯಾ ಟೇಲರ್ ಮುಂದೂ ನಿಂತಿಲ್ರಿ ನಾ. ಬ್ಯಾರೇದಾವ್ರ ಅರಿವಿ ಅಳತಿಗೆ ಕೊಟ್ಟು, ಸಡ್ಲ ಹೊಲಿ ಅಂತ ಹೇಳಿಸಿ ಹಾಕ್ಕೋತಿದ್ನಿ. ಮೂವತ್ತೆರಡರದ ಕಳಿಸಬ್ಯಾಡ ಅಂದ್ನಿ. ಅವ್ವ ಕೇಳಲಿಲ್ಲ. ಅಳತಿ ಹಿಡದಾಗ ಆ ಟೇಲರ್ ಅಕ್ಕ ಮತ್ತ ಎಲ್ಲಾರ ಮುಂದ ಜೋರಾಗಿ ಹೇಳತಾಳ, ಬೀಗರ ಮುಂದ ಮಾನ ಹೋಗತೈತಿ, ಅಂದ್ಳು."

ನನಗೆ ನೆನಪಿರಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಆ ಹುಡುಗಿಯೂ ನೆನಪಾಗಲಿಲ್ಲ, ಆ ಚೂಡಿಯೂ ನೆನಪಾಗಲಿಲ್ಲ. ತಾನು ತನ್ನಿ ಎಂಬ ಮಾತು ಮಾತ್ರ ನನ್ನದೇ. ಅದನ್ನು ನಾನು ಎಷ್ಟು ಜನರಿಗೆ ಅಂದಿದ್ದೇನೋ, ಅಂದಾಗಲೆಲ್ಲ ಕೋಣೆ ನಗುತ್ತಿತ್ತು, ನಕ್ಕರೆ ನನಗೆ ಹುರುಪು. ಅವಳು ಎಂಟು ವರ್ಷ ಹೊತ್ತು ತಿರುಗಿದ್ದನ್ನು ನಾನು ಸಂಜೆಯೊಳಗೆ ಮರೆತಿದ್ದೆ. ಬೈಯಲು ಬಂದವಳು ನಾನು. ಆ ಸಿಟ್ಟೆಲ್ಲ ಹಾಗೇ ನನ್ನ ಮೇಲೆ ತಿರುಗಿತು, ಈವರೆಗೂ ಪೂರ್ತಿ ಇಳಿದಿಲ್ಲ.

ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಬರುವುದು ಕೆಲಸ ಒಂದೇ. ಜಂಪರು ತರಿಸಿ ಬೆಳಕಿಗೆ ಹಿಡಿದೆ. ಉಳಿದೆರಡನ್ನು ಬೇರೆ ಖಣ ತಂದು ಹೊಸದಾಗಿ ಹೊಲಿಯಬಹುದು. ಧಾರೆಯದಕ್ಕೆ ಆ ಮಗ್ಗದ ಬಟ್ಟೆಯೇ ಬೇಕು. ಎರಡೂ ಕಂಕುಳ ಕೆಳಗೆ ನಾಲ್ಕು ನಾಲ್ಕು ಇಂಚಿನ ಪಟ್ಟಿ, ಬುಗ್ಗೆ ತೆಗೆದು ಮೊಳಕೈವರೆಗೆ ಹೊಸ ತೋಳು. ಅಷ್ಟು ಬಟ್ಟೆ ಇರುವುದು ಒಂದೇ ಕಡೆ, ಆ ಸೀರೆಯ ಒಳಸೆರಗಿನಲ್ಲಿ. ನಡುವಿಗೆ ಸಿಕ್ಕಿಸುವ ಆ ತುದಿ ಯಾರಿಗೂ ಕಾಣುವುದಿಲ್ಲ. ಆದರೆ ಸೀರೆ ಗಜೇಂದ್ರಗಡದಲ್ಲಿ ಅತ್ತೆಯ ಟ್ರಂಕಿನಲ್ಲಿದೆ. ಧಾರೆ ಸೀರೆಗೆ ಎರಡನೇ ಸಲ ಕತ್ತರಿ ಹಚ್ಚುವುದನ್ನು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ.

ತಾಯಿ ನನ್ನ ಕೈ ಹಿಡಿದರು. "ತಪ್ಪ ನಂದು ಅಂತ ಹೇಳ್ರಿ ಅಕ್ಕಾರ. ಕತ್ತರಿ ತಪ್ಪಿ ಹೋತು, ಬಟ್ಟಿ ಸಾಲಲಿಲ್ಲ ಅನ್ರಿ. ಖರೇ ಗೊತ್ತಾದ್ರ ಲಗ್ನ ಮುರಿತೈತಿ."

ಒಪ್ಪಿಕೊಂಡೆ. ಸಲೀಸಾಗಿ ಒಪ್ಪಿಕೊಂಡೆ. ಒಂದು ಸುಳ್ಳು ಹೇಳಿದರೆ ಆ ಹಳೆಯ ಮಾತು ತೀರಿಹೋಗುತ್ತದೆ ಎಂಬ ಆಸೆ ನನಗೂ ಇತ್ತು. ಫೋನು ತೆಗೆದೆ.

"ಬ್ಯಾಡ್ರಿ," ಎಂದಳು ಹುಡುಗಿ. "ಹಂಗ ಹೇಳಿದ್ರ ಲಗ್ನದ ದಿನಾ ನಾ ಮತ್ತ ಅದ ಸುಳ್ಳಿನ ಒಳಗ ನಿಂದರಬೇಕು. ಆಮ್ಯಾಲೆ ಅವರ ಮನ್ಯಾಗ ಪ್ರತಿ ದೀಪಾವಳಿಗೂ ಯಾರ ಜಂಪರ ಕೊಟ್ಟ ಕಳಿಸಲಿ? ಸೀರಿ ತೊಗೊಂಡ ರೋಣಕ್ಕ ಬರ್ರಿ ಅನ್ರಿ ಅವರಿಗೆ. ನಾನೂ ಬರತೀನಿ."

ತಾಯಿ ಕಿರುಚಾಡಿದರು, ಅತ್ತರು, ಕದಕ್ಕೆ ಅಡ್ಡ ನಿಂತರು. ಹುಡುಗಿ ಮುಂದಿನ ರೊಟ್ಟಿ ಬಡಿಯಲು ಶುರುಮಾಡಿದಳು. ನಾನು ಅತ್ತೆಗೆ ಫೋನು ಮಾಡಿ, ಅಳತೆ ತಪ್ಪಾಗಿದೆ, ಸೀರೆ ತೆಗೆದುಕೊಂಡು ಬನ್ನಿ, ಉಳಿದದ್ದನ್ನು ಹುಡುಗಿಯೇ ಹೇಳುತ್ತಾಳೆ ಎಂದೆ. ಅವರು, "ನಾಡದ ಬರತೀನಿ," ಎಂದು ಇಟ್ಟರು.

ಆ ದಿನ ಜವಳಿ ಅಂಗಡಿಯ ಗಾದಿಯ ಮೇಲೆ ಬೇರೊಂದು ಬಸ್ತಾ ನಡೆದಿತ್ತು. ಹದಿನೈದು ಮಂದಿ ಕಿವಿ ತೆರೆದುಕೊಂಡು ಕೂತಿದ್ದರು. ಸೀರೆ ಪೂರ್ತಿ ಹಾಸಿ ಅಳೆಯಬೇಕಿತ್ತು, ನನ್ನ ಕೋಣೆಯಲ್ಲಿ ಜಾಗವಿಲ್ಲ, ಹಾಗಾಗಿ ಅಲ್ಲೇ ಕೌಂಟರಿನ ಹತ್ತಿರ ಸೇರಿದೆವು. ಅತ್ತೆ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾಯಿಯ ಹಿಂದೆ ಹುಡುಗಿ ಒಳಗೆ ಬಂದಳು. ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಹಾಗೆ ನೋಡುವುದು ಬಟ್ಟೆಯ ದೋಷ ಹುಡುಕುವಾಗ.

ಹುಡುಗಿ ತಂಗಿಯ ಜಂಪರನ್ನು ಅವರ ಮುಂದೆ ಇಟ್ಟಳು. "ಇದು ನಂದಲ್ರಿ. ತಂಗಿದು. ನನಗ ನಾಚಿಕಿ ಅಂತ ಇದನ್ನ ಕಳಿಸಿದ್ರು."

ಅತ್ತೆ ತಾಯಿಯ ಕಡೆ ತಿರುಗಿದರು. "ನಮ್ಮ ಹುಡುಗ ನೋಡಿ ಒಪ್ಯಾನ. ಅಂವಗ ಕಣ್ಣ ಅದಾವ. ಶಾಲ ಹೊಚ್ಚಿದ್ರ ಆಳ ಕಾಣಂಗಿಲ್ಲಂತ ತಿಳಿದೀರೇನು? ದಪ್ಪ ಇದ್ರ ಇರ್ಲಿ, ಮಗ್ಗದ ಮನಿಯಾಂವ್ರು ನಾವು, ನಮಗ ಸೀರಿಗೆ ಬರಾನ? ಸುಳ್ಳ ಮೈಗೆ ನಾ ಸೀರಿ ಆರಸೂಹಂಗ ಮಾಡಿದ್ರಲ್ಲ, ಅದಕ್ಕ ಸಿಟ್ಟ ಬರತೈತಿ. ಅಳತ್ಯಾಗ ಸುಳ್ಳ ಹೇಳಾಂವ್ರು ನಾಳೆ ಯಾತರಾಗ ಖರೇ ಹೇಳತೀರಿ?"

ಅತ್ತೆ ಗಂಟಿನ ಮೇಲೆ ಕೈ ಊರಿ ಕೂತೇ ಇದ್ದರು. ಗಂಟು ಬಿಚ್ಚುತ್ತಾರೋ, ಎತ್ತಿಕೊಂಡು ಹೊರಡುತ್ತಾರೋ ನನಗೆ ತಿಳಿಯಲಿಲ್ಲ. ಆಗ ಅವರ ಕಣ್ಣು ಹುಡುಗಿಯ ಕೈ ಮೇಲೆ ಬಿತ್ತು. ಕೌಂಟರಿನ ಅಂಚು ಹಿಡಿದಿದ್ದ ಆ ಕೈ ಇನ್ನೂ ನಡುಗುತ್ತಿತ್ತು.

"ಯಾಕ ನಡಗಾಕತ್ತಿ? ಅಂಜಿ ಏನು?"

"ಅಂಜಿಲ್ರಿ. ಹಸಿವಿ."

ಯಾಕೆಂದು ಕೇಳಿ ತಿಳಿದುಕೊಂಡರು. ಆಮೇಲೆ ಗಂಟನ್ನು ಪಕ್ಕಕ್ಕಿಟ್ಟು, ತಾವು ದಾರಿಗೆ ಕಟ್ಟಿಕೊಂಡು ಬಂದ ಬುತ್ತಿಯನ್ನು ಬಿಚ್ಚಿ ಹುಡುಗಿಯ ಮುಂದೆ ಇಟ್ಟರು. ಮೂರು ರೊಟ್ಟಿ, ಎಣಗಾಯಿ ಬದನೆ ಪಲ್ಯ, ಗಟ್ಟಿ ಮೊಸರು. ನಾನು ಆಗಲೇ ಟೇಪು ಬಿಚ್ಚಿದ್ದೆ. "ಟೇಪ ಇಡ್ರಿ ನೀವು," ಎಂದರು ನನಗೆ. "ಮೊದಲ ಅಕಿ ಹೊಟ್ಟಿ ತುಂಬ ಉಣ್ಣಲಿ. ಉಂಡ ಮ್ಯಾಲಿಂದು ಖರೇ ಅಳತಿ. ಅಷ್ಟರಾಗ ಸೀರಿ ಹಾಸ್ರಿ, ಎಷ್ಟ ಬೇಕೋ ಅಷ್ಟ ಕತ್ತರಸ್ರಿ."

ಹುಡುಗಿ ಕೆಳಗೆ ಕೂತು ಮೂರೂ ರೊಟ್ಟಿ ಉಂಡಳು. ಅವಸರ ಮಾಡಲಿಲ್ಲ. ಅಷ್ಟರಲ್ಲಿ ನಾನು ಸೀರೆ ಹಾಸಿದೆ. ಜಂಪರಿನ ತುಂಡು ಹೋಗಿ ಐದೂವರೆ ಮೀಟರು ಉಳಿದಿತ್ತು. ಒಳತುದಿಯಿಂದ ಅರ್ಧ ಮೀಟರು ತೆಗೆದು, ಅಲ್ಲಿಗೆ ಅದೇ ಬಣ್ಣದ ಸಾದಾ ಹತ್ತಿ ಬಟ್ಟೆ ಜೋಡಿಸಿದರೆ ಸುತ್ತಿಗೆ ಕಡಿಮೆಯಾಗುವುದಿಲ್ಲ. ದೊಡ್ಡ ಚೌಕಡಿ ಈ ಮೈಗೆ ಬೇಡವಾಗಿತ್ತು, ಆದರೆ ನಾನೇ ಹೊಗಳಿ ಆರಿಸಿದ್ದು. ಅದನ್ನು ಸರಿಮಾಡುವ ದಾರಿ ಯೋಚಿಸಿದೆ. ಕಂಕುಳ ಪಟ್ಟಿಯಲ್ಲಿ ಗೆರೆ ಉದ್ದಕ್ಕೆ ಓಡುವಂತೆ ಕತ್ತರಿಸುವುದು. ಮುಚ್ಚಿದ ಕೊರಳನ್ನು ಕೊರೆದು ಇಳಿಸುವುದು, ಗಿಡ್ಡ ಸರದ ಬದಲು ಉದ್ದ ಸರ. ತೋಳಿನ ತುದಿಗೆ ಎರಡು ಬೆರಳಗಲದ ಅಂಚು ಅಷ್ಟೇ. ಸೆರಗನ್ನು ಮಡಚಿ ಹೆಗಲಿಗೆ ಕಟ್ಟದೆ ಬೀಸಾಗಿ ಬಿಡುವುದು. ಎಷ್ಟೋ ವರ್ಷ ತೆಳ್ಳಗೆ ಕಾಣಿಸುವ ಹಂಚಿಕೆಯನ್ನೇ ಹೇಳುತ್ತ ಬಂದವಳು ನಾನು. ಕೈ ಎತ್ತಲು ಬರುತ್ತದೆಯೇ, ಉಸಿರಾಡಲು ಬರುತ್ತದೆಯೇ ಎಂದು ಯಾರನ್ನೂ ಮೊದಲು ಕೇಳಿರಲಿಲ್ಲ. ಅವಳನ್ನು ಕೇಳಿದೆ. "ಎರಡೂ ಕೈ ಎತ್ತಿ ದಂಡಿ ಕಟ್ಟಸ್ಕೊಳ್ಳಾಕ ಬರಬೇಕ್ರಿ," ಎಂದಳು. ತಲೆಗೆ ಬಾಸಿಂಗದ ದಂಡೆ ಕಟ್ಟುವಾಗ ಕಂಕುಳ ಹರಿಯಬಾರದು ಎಂದು ಚೀಟಿಯಲ್ಲಿ ಬರೆದುಕೊಂಡೆ.

ಕೈ ತೊಳೆದು ಬಂದು ನಿಂತಳು. ನಾನು ಬಟ್ಟೆ ಬದಲಿಸುವ ಮೂಲೆಯ ಪರದೆ ಎಳೆಯಲು ಹೋದೆ.

"ಪಡದಿ ಬ್ಯಾಡ್ರಿ," ಎಂದಳು. "ಇಲ್ಲೇ ತೊಗೊರಿ. ಅವತ್ತ ಎಲ್ಲಾರ ಮುಂದ ಜೋರಾಗಿ ಹೇಳಿದ್ರಿ. ಇವತ್ತೂ ಜೋರಾಗಿ ಹೇಳ್ರಿ."

ಗಾದಿಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಅವಳು ಎರಡೂ ಕೈ ಬದಿಗೆ ಎತ್ತಿ ನೆಟ್ಟಗೆ ನಿಂತಳು, ಕಣ್ಣು ನನ್ನ ಮುಖದ ಮೇಲೆ. ಟೇಪು ಸುತ್ತಿ ತಂದೆ. ಎಳೆಯಲಿಲ್ಲ, ಎರಡು ಬೆರಳು ಒಳಗೆ ಆಡುವಷ್ಟು ಸಡಿಲ ಬಿಟ್ಟೆ. ಲೆಕ್ಕ ಕಣ್ಣೆದುರಿಗೇ ಇತ್ತು.

"ನಲವತ್ತು," ಎಂದು ಮೆಲ್ಲಗೆ ಓದಿದೆ.

"ಕೇಳಸಲಿಲ್ರಿ," ಎಂದಳು.

ಗಾದಿಯ ಕೊನೆಯವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಯಾರೂ ನಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡು, ಅವಳು ಕೈ ಇಳಿಸಲಿ ಎಂದು ಕಾದೆ. ಅವಳು ಇಳಿಸಲಿಲ್ಲ. ಸೊಂಟದ ಅಳತೆ ಇನ್ನೂ ಬಾಕಿ ಇತ್ತು.